ಬೇಸರಪ್ಪನವರ ಕೊನೆಯ ಮೆಸೇಜು

ಪ್ರತಿ ಊರಿನ ವಾಟ್ಸಾಪ್ ಗ್ರೂಪಿನಲ್ಲೂ ಗ್ರೂಪಿನಿಂದ ಬೇಸತ್ತವರೊಬ್ಬರು ಇದ್ದೇ ಇರುತ್ತಾರೆ. ಮುಳಬಾಗಿಲು ತಾಲ್ಲೂಕಿನ ಕುರುಡುಮಲೆಯ ಕಡೆ ಅವರು ಬಹುಮಟ್ಟಿಗೆ ರಿಟೈರಾದ ಮೇಷ್ಟ್ರೇ ಆಗಿರುತ್ತಾರೆ. ಮನೆಯಲ್ಲಿಟ್ಟ ಹೆಸರು ಏನಾದರೂ ಇರಲಿ, ನಾವು ಬೇಸರಪ್ಪನವರು ಎನ್ನೋಣ. ‘ಇದೇ ನನ್ನ ಕೊನೆಯ ಮೆಸೇಜು’ ಎಂದು ಶುರುವಾಗುವ ಅವರ ಬರಹ ಫೋನಿನ ಪರದೆಯಲ್ಲಿ ಹಿಡಿಯುವುದಿಲ್ಲ. ಮುಂದಿನದಕ್ಕೆ ‘ಇನ್ನಷ್ಟು ಓದಿ’ ಒತ್ತಬೇಕು. ಅಂಥದ್ದು ತಿಂಗಳಿಗೊಂದಾದರೂ ಬರುತ್ತದೆ. ಉತ್ತರವಾಗಿ ಜನ ಕೈಮುಗಿದ ಚಿತ್ರ ಹಾಕುತ್ತಾರೆ. ಒಪ್ಪಿಗೆಯೋ, ಸಾಕು ಬಿಡಿ ಸಾರ್ ಎಂಬ ಬೇಡಿಕೆಯೋ, ಮೇಷ್ಟ್ರಿಗೆ ಈವರೆಗೂ ತಿಳಿದಿಲ್ಲ.

ಅವರ ಸಂಕಟ ಬೆಳಗಿನ ಹಾಲಿನ ಹೊತ್ತಿಗೇ ಶುರು. ಡೈರಿಯಲ್ಲಿ ಕ್ಯಾನು ಇಳಿಸುವವರು ಇನ್ನೂ ಸಾಲಿನಲ್ಲಿರುವಾಗಲೇ ಫೋನಿನಲ್ಲಿ ಗುಲಾಬಿ ಅರಳಿರುತ್ತದೆ. ಹಿಂದೆಯೇ ಹಬೆಯಾಡುವ ಕಾಫಿ ಲೋಟ, ಅದರ ಹಿಂದೆ ನಮ್ಮೂರಿನ ಗಣಪತಿ. ಸಾಲಿಗ್ರಾಮ ಶಿಲೆಯದೆನ್ನುವ ಈ ಏಕಶಿಲಾ ಮೂರ್ತಿಯ ಎತ್ತರ 13 ಅಡಿ ದಾಟುತ್ತದೆ. ಫಾರ್ವರ್ಡಿನಲ್ಲಿ ಅದು ಒಂದು ವರ್ಷ 16 ಅಡಿ, ಮರುವರ್ಷ 18 ಅಡಿ. ‘ವಿಗ್ರಹ ಬೆಳೆಯುತ್ತಿದೆ, ಹನ್ನೊಂದು ಜನಕ್ಕೆ ಕಳಿಸಿ, ಸಂಜೆಯೊಳಗೆ ಶುಭವಾರ್ತೆ’ ಎಂಬ ಅಡಿಟಿಪ್ಪಣಿ ಬೇರೆ. ದೇವಸ್ಥಾನದಿಂದ ಕೂಗಳತೆಯಲ್ಲಿರುವವನೇ ಅದನ್ನು ಕಳಿಸಿದಾಗ ಮೇಷ್ಟ್ರಿಗೆ ತಡೆಯಲಾಗುವುದಿಲ್ಲ. “ಲೇ ಅಪ್ಪಾ, ಎದ್ದು ಹೋಗಿ ಒಂದು ಸಲ ನೋಡ್ಕೊಂಡು ಬಾ” ಎಂದು ಬರೆಯುತ್ತಾರೆ. ಅವನಿಂದ ಹೆಬ್ಬೆರಳು ಬರುತ್ತದೆ.

ಈ ಗುಲಾಬಿಗಳ ಬಾಧೆ ಕೋಲಾರ ಜಿಲ್ಲೆಗಷ್ಟೇ ಸೀಮಿತವಲ್ಲ. 2018ರ ಜನವರಿಯಲ್ಲಿ ಅಮೆರಿಕದ ‘ವಾಲ್ ಸ್ಟ್ರೀಟ್ ಜರ್ನಲ್’ ಪತ್ರಿಕೆ ಇದನ್ನೇ ವರದಿ ಮಾಡಿತ್ತು: ಭಾರತೀಯರ ಫೋನುಗಳು ಪದೇ ಪದೇ ತುಂಬಿ ನಿಂತುಹೋಗುವುದು ಯಾಕೆಂದು ಗೂಗಲ್‌ನವರು ಹುಡುಕಿ ನೋಡಿದರೆ, ಸಿಕ್ಕಿದ್ದು ಲಕ್ಷಾಂತರ ‘ಗುಡ್ ಮಾರ್ನಿಂಗ್’ ಚಿತ್ರಗಳು. ಅವನ್ನು ಗುರುತಿಸಿ ಅಳಿಸುವ ಸೌಲಭ್ಯವನ್ನೂ ಅವರು ಮಾಡಿಕೊಟ್ಟರು. ಮೇಷ್ಟ್ರು ಆ ಸುದ್ದಿಯನ್ನು ಸಂತೋಷದಿಂದ ಗ್ರೂಪಿಗೆ ಹಾಕಿದರು. ಹಾಕುವಾಗ ಮೇಲೊಂದು ‘ಶುಭೋದಯ’ ಸೇರಿಸಿದ್ದು ಮರ್ಯಾದೆಗೆ.

ಗುಲಾಬಿಯನ್ನಾದರೂ ಅವರು ಸಹಿಸುತ್ತಾರೆ, ಡಿ.ವಿ.ಜಿ. ಹೆಸರಿನ ನಕಲಿ ಮಾಲನ್ನಲ್ಲ. ಗುಂಡಪ್ಪನವರು ಹುಟ್ಟಿದ್ದು 1887ರಲ್ಲಿ, ಇದೇ ಮುಳಬಾಗಿಲಿನಲ್ಲಿ. ಆ ಅಭಿಮಾನ ತಾಲ್ಲೂಕಿನವರಿಗೆ ತುಸು ಜಾಸ್ತಿಯೇ. ಯಾರೋ ನಾಲ್ಕು ಸಾಲು ಹೊಸೆದು ಕೊನೆಗೆ ‘ಮಂಕುತಿಮ್ಮ’ ಎಂದು ಅಂಟಿಸಿದರೆ ಸಾಕು, ಅದು ಕಗ್ಗವಾಗಿ ಊರೂರು ಸುತ್ತುತ್ತದೆ. ಒಂದರಲ್ಲಂತೂ ಮೊಬೈಲ್ ಚಾರ್ಜರಿನ ಪ್ರಸ್ತಾಪವಿತ್ತು. ಪುಸ್ತಕ ಅಚ್ಚಾದದ್ದು 1943ರಲ್ಲಿ! ಆದರೂ ಮೇಷ್ಟ್ರು ಅನುಮಾನಕ್ಕೆ ಎಡೆಗೊಡುವವರಲ್ಲ. ಕನ್ನಡಕ ಹಾಕಿಕೊಂಡು, ಬೆರಳಿಗೆ ಎಂಜಲು ಹಚ್ಚಿಕೊಂಡು, ಮೊದಲ ಪದ್ಯದಿಂದ 945ನೆಯದರವರೆಗೆ ಒಂದೊಂದನ್ನೂ ಹುಡುಕಿದರು. ಮಧ್ಯಾಹ್ನದ ಊಟ ಆರಿಹೋಯಿತು. ‘ಈ ಪದ್ಯ ಕಗ್ಗದಲ್ಲಿ ಇಲ್ಲ. ಪುರಾವೆ ಸಮೇತ ಹೇಳುತ್ತಿದ್ದೇನೆ’ ಎಂದು ಅವರು ಬರೆಯುವ ಹೊತ್ತಿಗೆ ಗ್ರೂಪು ಮೂರು ಹುಟ್ಟುಹಬ್ಬ ಮುಗಿಸಿ, ಮುಳಬಾಗಿಲು ದೋಸೆಗೆ ತುಪ್ಪವೋ ಬೆಣ್ಣೆಯೋ ಎಂಬ ಜಗಳದಲ್ಲಿತ್ತು. ಮೇಷ್ಟ್ರ ಸಂಶೋಧನೆಗೆ ಒಬ್ಬ “ತುಪ್ಪಾನೇ ಸಾರ್” ಎಂದು ಉತ್ತರ ಕೊಟ್ಟ.

ಎಲೆಕ್ಷನ್ ಬಂತೆಂದರೆ ಕೇಳಲೇಬೇಡಿ. 1999ರಲ್ಲಿ ಎಸ್.ಎಂ. ಕೃಷ್ಣ ಇಲ್ಲಿ ಪೂಜೆ ಮಾಡಿಸಿ ಪಾಂಚಜನ್ಯ ಯಾತ್ರೆ ಹೊರಟರು, ಮುಖ್ಯಮಂತ್ರಿಯೂ ಆದರು. ಅಂದಿನಿಂದ ವಿಘ್ನ ನಿವಾರಣೆಗೆ ಬರುವ ನಾಯಕರಿಗೆ ಪಕ್ಷಭೇದವಿಲ್ಲ. ಒಂದೇ ಗಣಪತಿಯ ಮುಂದೆ ಬೇರೆ ಬೇರೆ ಶಾಲು ಹೊದ್ದು ಕೈಮುಗಿದ ಫೋಟೊಗಳು ಗ್ರೂಪಿಗೆ ಬಂದು ಬೀಳುತ್ತವೆ. ಪ್ರತಿ ಫೋಟೊದ ಮೂಲೆಯಲ್ಲೂ ನಮ್ಮೂರಿನವರೊಬ್ಬರ ಅರ್ಧ ಮುಖ ಇರುತ್ತದೆ. ‘ಹಿಂದೆ ನಿಂತಿರೋದು ನಾನೇ’ ಎಂಬ ಶೀರ್ಷಿಕೆ.

ಹರಟೆ ಯಾವಾಗಲೂ ಇಷ್ಟು ನಿರಪಾಯವಲ್ಲ ಎಂಬುದೂ ಮೇಷ್ಟ್ರಿಗೆ ಗೊತ್ತು. 2018ರ ಮೇನಲ್ಲಿ ಮಕ್ಕಳ ಕಳ್ಳರ ವದಂತಿ ನಂಬಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಒಬ್ಬ ಬಡಪಾಯಿಯನ್ನು ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರೊಬ್ಬ ಬಲಿಯಾದ. ಆ ತಿಂಗಳೇ ವಾಟ್ಸಾಪಿನವರು ಭಾರತದಲ್ಲಿ ಒಂದು ಫಾರ್ವರ್ಡನ್ನು ಒಮ್ಮೆಗೆ ಐದೇ ಕಡೆ ಕಳಿಸುವಂತೆ ಕಟ್ಟು ಹಾಕಿದರು. ಆಗ ಮೇಷ್ಟ್ರು ಬೈದು ಬರೆದದ್ದನ್ನು ಗ್ರೂಪಿನವರು ನಿಜಕ್ಕೂ ಓದಿದರು. ಒಂದು ದಿನವಿಡೀ ಗುಲಾಬಿ ಬರಲಿಲ್ಲ.

“ಅಷ್ಟೊಂದು ಬೇಜಾರಾದ್ರೆ ಯಾಕ್ರೀ ನೋಡ್ತೀರಾ?” ಎಂದು ಮನೆಯವರು ಕೇಳುವುದುಂಟು. “ಯಾರಾದ್ರೂ ನೋಡ್ಬೇಕಲ್ವೇ” ಎನ್ನುತ್ತಾರೆ ಮೇಷ್ಟ್ರು. ಅವರು ಗ್ರೂಪು ಬಿಡದಿರಲು ಅಸಲಿ ಕಾರಣ ಬೇರೆಯೇ ಇದೆ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯೋ ಹಗಲೋ, ಕೋಲಾರದ ಎಪಿಎಂಸಿಯಲ್ಲಿ 15 ಕಿಲೋ ಟೊಮೆಟೊ ಬಾಕ್ಸು ಎಷ್ಟಕ್ಕೆ ಹೋಯಿತು, ಪಕ್ಕದೂರಿನಲ್ಲಿ ಯಾರು ತೀರಿಕೊಂಡರು, ಮಣ್ಣು ಎಷ್ಟು ಹೊತ್ತಿಗೆ, ಎಲ್ಲ ಬರುವುದು ಇಲ್ಲೇ. ಹುಣಸೇಹಣ್ಣಿನಿಂದ ಬೀಜ ಬಿಡಿಸಿದಂತೆ ಹರಟೆಯ ನಡುವೆ ಬೆರಳಾಡಿಸಿ ಅವನ್ನು ಹೆಕ್ಕಬೇಕು. ಹೆಕ್ಕಿದ್ದೂ ಪಕ್ಕಾ ಎನ್ನುವಂತಿಲ್ಲ. 2023ರ ಜುಲೈನಲ್ಲಿ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತ್ತಲ್ಲ, ಆ ಹಳೇ ಚೀಟಿಯನ್ನು ಈಗಲೂ ಯಾರಾದರೂ ‘ಇಂದಿನ ರೇಟು’ ಎಂದು ಹಾಕುತ್ತಾರೆ. ಕೀಳಲು ಆಳು ಕರೆದಾದ ಮೇಲೆ ತಾರೀಖು ಕಣ್ಣಿಗೆ ಬೀಳುತ್ತದೆ.

ಬೆಂಗಳೂರಿನಿಂದ ಬಂದ ಮೊಮ್ಮಗ ಒಂದು ಸಲ ಮ್ಯೂಟ್ ಮಾಡುವುದನ್ನು ಕಲಿಸಿದ. ಎಂಟು ಗಂಟೆ, ಒಂದು ವಾರ, ಯಾವಾಗಲೂ ಎಂದು ಮೂರು ದಾರಿ. “ಯಾವಾಗಲೂ ಅಂತ ಒತ್ತಿ ತಾತ, ನೆಮ್ಮದಿ.” ಮೇಷ್ಟ್ರು ಸ್ವಲ್ಪ ಹೊತ್ತು ಯೋಚಿಸಿ ಎಂಟು ಗಂಟೆ ಒತ್ತಿದರು. ಅರ್ಧ ಗಂಟೆಗೊಮ್ಮೆ ತೆಗೆದು, ಸದ್ದಿಲ್ಲದೆ ಏನೇನು ಬಂದಿದೆ ಎಂದು ನೋಡುತ್ತಿದ್ದರು.

ಕೊನೆಗೊಂದು ರಾತ್ರಿ ಗ್ರೂಪಿನಿಂದ ಹೊರಬಿದ್ದೇಬಿಟ್ಟರು. ಮೊದಲಾಗಿದ್ದರೆ ಯಾರು ಬಿಟ್ಟರೆಂದು ಎಲ್ಲರಿಗೂ ಕಾಣುತ್ತಿತ್ತು, ನಾಲ್ಕು ಜನ ಯಾಕೆ ಸಾರ್ ಎನ್ನುತ್ತಿದ್ದರು. 2022ರಿಂದ ಆ ಸೂಚನೆ ಹೋಗುವುದು ಅಡ್ಮಿನ್‌ಗಳಿಗೆ ಮಾತ್ರ. ಎರಡು ದಿನ ಒಂದು ಫೋನೂ ಬರಲಿಲ್ಲ. ಮೂರನೆಯ ದಿನ ಅಡ್ಮಿನ್ ಹುಡುಗ ಡೈರಿಯ ಹತ್ತಿರ ಸಿಕ್ಕಿ, “ಕೈ ತಗುಲಿ ಎಕ್ಸಿಟ್ ಆಗ್ಬಿಟ್ಟಿದೀರ ಸಾರ್, ಸೇರಿಸ್ಬಿಟ್ಟೆ” ಎಂದ. ಸ್ವಾಗತಕ್ಕೆ ಸಾಲು ಸಾಲು ಗುಲಾಬಿ.

ಆಮೇಲೆ ಮೇಷ್ಟ್ರು ತಾವೇ ಒಂದು ಗ್ರೂಪು ತೆರೆದರು. ಹೆಸರು ‘ಮುಖ್ಯ ವಿಷಯ ಮಾತ್ರ’. ಅಡ್ಮಿನ್ ಬಿಟ್ಟು ಬೇರಾರೂ ಬರೆಯಲಾಗದಂತೆ ಬೀಗ. ಪಿಂಚಣಿದಾರರು ನವೆಂಬರಿನಲ್ಲಿ ಜೀವಂತ ಪ್ರಮಾಣಪತ್ರ ಕೊಡಬೇಕೆಂದು ಮೊದಲ ಪ್ರಕಟಣೆ ಹೊರಟಿತು. ಒಂದು ಶುಭೋದಯವಿಲ್ಲ, ಒಂದು ಹೆಬ್ಬೆರಳಿಲ್ಲ. ಯಾರು ಓದಿದರೆಂದು ನೀಲಿ ಗೀಟು ಒತ್ತಿ ಒತ್ತಿ ನೋಡಿ, ಸಂಜೆಯ ಹೊತ್ತಿಗೆ ಹಳೆಯ ಗ್ರೂಪಿಗೇ ಬಂದು ಬರೆದರು: ‘ಹೊಸ ಗ್ರೂಪಿನಲ್ಲಿ ಮುಖ್ಯ ವಿಷಯ ಹಾಕಿದ್ದೇನೆ, ನೋಡಿದಿರಾ?’

“ನೋಡಿದ್ವಿ ಸಾರ್. ತಿಂಡಿ ಆಯ್ತಾ?”