ಗಾಜನೂರು ಭೇದಪ್ರಕರಣ

ಕನ್ನಡಿಗರಿಗೆ ಪ್ರಸಿದ್ಧವಾದ ಗಾಜನೂರುಗಳು ಎರಡು. ಒಂದು ಶಿವಮೊಗ್ಗದ ತುಂಗಾ ಅಣೆಕಟ್ಟಿನದು, ಇನ್ನೊಂದು ತಾಳವಾಡಿ ಸೀಮೆಯ ರಾಜ್‌ಕುಮಾರ್ ಅವರದು. ಹೆಸರನ್ನೇ ನಂಬಿದವನು ಅಣ್ಣಾವ್ರ ಮನೆ ನೋಡಲು ಹೊರಟು ತೀರ್ಥಹಳ್ಳಿ ಬಸ್ಸಿನಲ್ಲಿ ಕೂತಿರುತ್ತಾನೆ. ಪಕ್ಕದಲ್ಲಿ ತುಂಗೆ ಹರಿಯುತ್ತಾಳೋ ಎಂದು ವಿಚಾರಿಸಿದವನು ಮಾತ್ರ ಬಚಾವು. ಹೆಸರಿನ ತೂಕ ಸೊನ್ನೆ, ಹೊಳೆಯ ತೂಕ ಪೂರ್ತಿ. ಹೀಗೆ ಯಾವ ಲಕ್ಷಣಕ್ಕೆ ಎಷ್ಟು ತೂಕವೆಂದು ನಿರ್ಣಯಿಸುವ ವಿದ್ಯೆಗೆ ಭೇದಕ ವಿಶ್ಲೇಷಣೆ ಎಂದು ನಾಮಧೇಯ.

ಈ ವಿದ್ಯೆಯನ್ನು ಶಾಲಾ ಮಕ್ಕಳ ಮೇಲೆ ಪ್ರಯೋಗಿಸುವ ಸಂಶೋಧಕರಲ್ಲಿ ಪಂಗಡಗಳುಂಟು. ಏಕಗುಣಿಗಳ ಸಂತತಿ ದೊಡ್ಡದು. ಹಳ್ಳಿ ಮಕ್ಕಳಿಗೂ ಪೇಟೆ ಮಕ್ಕಳಿಗೂ ಅರ್ಥಪೂರ್ಣ ವ್ಯತ್ಯಾಸವಿಲ್ಲ ಎಂಬ ಶೂನ್ಯ ಪ್ರಾಕ್ಕಲ್ಪನೆಯನ್ನು ಗಣಿತಕ್ಕೊಮ್ಮೆ, ಭಾಷೆಗೊಮ್ಮೆ, ಆತ್ಮವಿಶ್ವಾಸಕ್ಕೊಮ್ಮೆ ನಿಲ್ಲಿಸಿ ಬೀಳಿಸುತ್ತಾರೆ. ಶೇ. 5ರ ಮಟ್ಟದಲ್ಲಿ ಪರಸ್ಪರ ಸಂಬಂಧವಿಲ್ಲದ ಹತ್ತು ಪರೀಕ್ಷೆ ಮಾಡಿದರೆ, ಇಲ್ಲದ ವ್ಯತ್ಯಾಸ ಒಮ್ಮೆಯಾದರೂ ಕಾಣಿಸಿಕೊಳ್ಳುವ ಸಂಭವ ಶೇ. 40. ಪ್ರಬಂಧಕ್ಕೆ ಅಷ್ಟು ಸಾಕು. ಬಹುಗುಣಿಗಳು 1931ರ ಹೋಟೆಲಿಂಗ್ ಪರೀಕ್ಷೆಯನ್ನೋ 1932ರ ವಿಲ್ಕ್ಸ್ ಲ್ಯಾಂಬ್ಡಾವನ್ನೋ ಹಿಡಿದು ಎಲ್ಲವನ್ನೂ ಒಂದೇ ಏಟಿಗೆ ತೂಗುತ್ತಾರೆ. ಭೇದಕರದು ಮೂರನೆಯ ಪಂಗಡ. ಇವರು ಸೂತ್ರ ಕಟ್ಟಿದ ಮಕ್ಕಳ ಮೇಲೆಯೇ ಸೂತ್ರವನ್ನು ಪರೀಕ್ಷಿಸಿ, ಎಷ್ಟು ಸರಿ ಬಂತು ನೋಡಿ ಎಂದು ಮೀಸೆ ತಿರುವುತ್ತಾರೆ. ಮಗುವೊಂದನ್ನು ಹೊರಗಿಟ್ಟು ಸೂತ್ರ ಕಟ್ಟಿ, ಆಮೇಲೆ ಆ ಮಗುವನ್ನು ಗುರುತಿಸುವ ಶಿಸ್ತು ಇದ್ದೇ ಇದೆ. ಅದು ಬಂದರೆ ಮೀಸೆ ಇಳಿಯುತ್ತದೆ.

ವಂಶಾವಳಿ: 1936ರಲ್ಲಿ ಮಹಲನೋಬಿಸ್ ಗುಂಪುಗಳ ನಡುವಿನ ದೂರವನ್ನು ಅಳೆದರು. ಅದೇ ವರ್ಷ ಫಿಷರ್ ಐರಿಸ್ ಹೂಗಳನ್ನು ವಿಂಗಡಿಸಿದರು. 1948ರಲ್ಲಿ ಸಿ. ಆರ್. ರಾವ್ ಆ ವಿದ್ಯೆಯನ್ನು ಎರಡಕ್ಕಿಂತ ಹೆಚ್ಚು ಗುಂಪುಗಳಿಗೆ ಹಿಗ್ಗಿಸಿದರು. ರಾವ್ 1920ರಲ್ಲಿ ಹುಟ್ಟಿದ್ದು ಹೂವಿನ ಹಡಗಲಿಯಲ್ಲಿ. ಗಾಜನೂರಿನ ನೀರು ಕೂಡ್ಲಿಯಲ್ಲಿ ಭದ್ರೆಯನ್ನು ಕೂಡಿಕೊಂಡು ಆ ಸೀಮೆಗೇ ಹೋಗುತ್ತದೆ. ಇದು ಕಾರ್ಯಕಾರಣ ಸಂಬಂಧವಲ್ಲ. ಏಕಗುಣಿಗಳು ದಯವಿಟ್ಟು ಬರೆದುಕೊಳ್ಳಬಾರದು.

ಇನ್ನು ಪ್ರಕೃತಕ್ಕೆ. ತುಂಗೆಯ ಗಾಜನೂರಿನಲ್ಲಿ ಜವಾಹರ್ ನವೋದಯ ವಿದ್ಯಾಲಯವಿದೆ. ಆರನೇ ತರಗತಿಗೆ ಸೇರಬೇಕಾದರೆ ಮಾನಸಿಕ ಸಾಮರ್ಥ್ಯಕ್ಕೆ 50, ಅಂಕಗಣಿತಕ್ಕೆ 25, ಭಾಷೆಗೆ 25 ಅಂಕಗಳ ಪರೀಕ್ಷೆ. ಸೀಟು ಹೆಚ್ಚೆಂದರೆ 80, ಮುಕ್ಕಾಲು ಪಾಲು ಹಳ್ಳಿ ಮಕ್ಕಳಿಗೆ. ಹಳ್ಳಿತನವೋ ಮಡಿಯಂತೆ ಸೂಕ್ಷ್ಮ: ಮೂರು, ನಾಲ್ಕು, ಐದನೇ ತರಗತಿಗಳಲ್ಲಿ ಒಂದು ದಿನ ಪೇಟೆ ಶಾಲೆ ತಾಗಿದರೂ ಹೋಯಿತು.

ಮೂರು ಗುಣ, 2:1:1 ತೂಕ, ಒಂದು ಗೆರೆ. ಭೇದಕ ಸೂತ್ರದ ವೇಷ ಪಕ್ಕಾ ಇದೆ. ಆದರೆ ಫಿಷರ್ ತೂಕಗಳನ್ನು ಹೂಗಳ ಅಳತೆಯಿಂದಲೇ ಹೊರಡಿಸಿದ್ದರು, ಮೇಲಾಗಿ ಯಾವ ಹೂವು ಯಾವ ಜಾತಿಯದೆಂದು ಅಳೆಯುವ ಮೊದಲೇ ಗೊತ್ತಿತ್ತು. ಇಲ್ಲಿ ತೂಕ ಮೊದಲೇ ನಿಶ್ಚಯ, ‘ಆಯ್ಕೆಯಾದವರು’ ಎಂಬ ಜಾತಿ ಹುಟ್ಟುವುದು ಗೆರೆ ಎಳೆದ ಮೇಲೆ. ಗೆರೆಯ ಆಚೀಚೆ ಒಂದೇ ಪ್ರಶ್ನೆಯ ಅಂತರದಲ್ಲಿ ಅಗಲಿದ ಇಬ್ಬರನ್ನು ಯಾವ ಮಹಲನೋಬಿಸ್ ದೂರವೂ ಬೇರೆ ಬೇರೆ ಗುಂಪೆಂದು ಒಪ್ಪಲಾರದು.

ಶಾಸ್ತ್ರದ ವಿಂಗಡಣಾ ಕೋಷ್ಟಕದಲ್ಲಿ ನಾಲ್ಕು ಮನೆಗಳು. ಸೇರಿ ಓದಿದವರು, ಸೇರಿ ಸೋತವರು, ಇವೆರಡನ್ನು ಗಾಜನೂರಿನಲ್ಲೇ ತುಂಬಬಹುದು. ಆಯ್ಕೆಯಿಂದ ಬಿಟ್ಟುಹೋಗಿಯೂ ಚೆನ್ನಾಗಿ ಓದಬಲ್ಲವರ ಮನೆ ತುಂಬಬೇಕಾದರೆ ಹೊಸನಗರ, ಸೊರಬ, ಶಿಕಾರಿಪುರಗಳ ಹೈಸ್ಕೂಲುಗಳ ಬೆಂಚು ಬೆಂಚಿಗೂ ಹೋಗಬೇಕು. ಆಯ್ಕೆಪಟ್ಟಿಯಲ್ಲಿ ಅದಕ್ಕೆ ಅಂಕಣವಿಲ್ಲ, ಮರುಪರೀಕ್ಷೆಗೂ ಅವಕಾಶವಿಲ್ಲ.