ಹಳೇ ಪೇಪರ್‌ಗೆ ನೊಬೆಲ್ ಸೂತ್ರ

ಡೇನಿಯಲ್ ಕಾನೆಮನ್ ಮನಶ್ಶಾಸ್ತ್ರದವನು. 2002ರಲ್ಲಿ ನೊಬೆಲ್ ಬಂದದ್ದು ಮಾತ್ರ ಅರ್ಥಶಾಸ್ತ್ರಕ್ಕೆ. ಆತನೂ ಗೆಳೆಯ ಏಮಸ್ ಟ್ವರ್ಸ್ಕಿಯೂ 1974ರಲ್ಲಿ ಬರೆದ ಲೇಖನದಲ್ಲಿ ಜಾತ್ರೆಯಲ್ಲಿ ದುಡ್ಡು ಕಟ್ಟಿ ಆಡುವಂಥ ಒಂದು ಚಕ್ರ ಬರುತ್ತದೆ. ಅದನ್ನು ತಿರುಗಿಸಿ, ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳು ನೂರಕ್ಕೆ ಎಷ್ಟು ಅಂತ ಕೇಳಿದರು. ಚಕ್ರ 10ಕ್ಕೆ ನಿಂತದ್ದನ್ನು ಕಂಡವರು ಸುಮಾರು 25 ಅಂದರು, 65 ಕಂಡವರು 45. ಚಕ್ರಕ್ಕೂ ಆಫ್ರಿಕಾಕ್ಕೂ ಯಾವ ನೆಂಟಸ್ತಿಕೆ? ಮೊದಲು ಬಿದ್ದ ಅಂಕಿ ತಲೆಯಲ್ಲಿ ಲಂಗರು ಹಾಕಿಬಿಡುತ್ತದೆ, ಅಷ್ಟೆ.

ಇಷ್ಟು ಓದಿದ ಮೇಲೆ ಯಾವ ಗೃಹಸ್ಥ ಸುಮ್ಮನಿದ್ದಾನು? ಭಾನುವಾರ ಬೀದಿಯಲ್ಲಿ "ಹಳೇ ಪೇಪರ್" ಕೂಗು ಕೇಳಿದ್ದೇ ಪಂಚೆ ಬಿಗಿದುಕೊಂಡು ಗೇಟಿಗೆ ಹೋದೆ. ಆತ ಬಾಯಿ ತೆಗೆಯುವ ಮೊದಲೇ "ಕೆಜಿಗೆ ನಲವತ್ತು" ಅಂದೆ.

ಆತ ಮಾತಾಡಲಿಲ್ಲ. ಬಾಯಲ್ಲಿದ್ದ ಎಲೆಅಡಿಕೆಯನ್ನು ಎಡಗೆನ್ನೆಯಿಂದ ಬಲಗೆನ್ನೆಗೆ ವರ್ಗಾಯಿಸಿದ. ಒಳಗೇನಾದರೂ ಒದ್ದೆ ಇದೆಯೋ ಎಂಬಂತೆ ಪೇಪರ್ ಕಟ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಆಕಾಶ ನೋಡಿದ. ಲಂಗರು ಇಳಿಯುತ್ತಿದೆ, ಆಳಕ್ಕೆ ಇಳಿಯುತ್ತಿದೆ ಅಂತ ನಾನು ಒಳಗೊಳಗೇ ಹಿಗ್ಗಿದೆ. ಎಲೆಅಡಿಕೆ ಎಡಗೆನ್ನೆಗೆ ವಾಪಸು ಬಂತು. ಎದುರು ಮನೆ ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದವರು ಕೈಯಲ್ಲಿ ಒದ್ದೆ ಟವೆಲ್ ಹಿಡಿದೇ ನಿಂತರು.

ಆ ಮೌನದಲ್ಲಿ ನನಗೆ ಜರ್ಮನಿಯ ಕಾನೂನು ತಜ್ಞರು ನೆನಪಾಗಬೇಕೆ! ಅಂಗಡಿಯಲ್ಲಿ ಕದ್ದು ಸಿಕ್ಕಿಬಿದ್ದ ಹೆಂಗಸಿನ ಕಲ್ಪಿತ ಪ್ರಕರಣ ಓದಿಸಿ, ಅವರಿಂದ ಜೋಡಿ ದಾಳ ಹಾಕಿಸಿದ ಪ್ರಯೋಗ ಅದು. ದಾಳದಲ್ಲಿ ಮೋಸ, 3 ಇಲ್ಲವೆ 9 ಮಾತ್ರ ಬೀಳುತ್ತಿತ್ತು. 9 ಬಿದ್ದವರು ಸರಾಸರಿ ಎಂಟು ತಿಂಗಳ ಶಿಕ್ಷೆ ಅಂದರು, 3 ಬಿದ್ದವರು ಐದು. ಕಾನೂನು ಓದಿದ ತಲೆಗಳು! ನನ್ನದು ರದ್ದಿ, ನಾಲ್ಕು ಕಾಸು ಹೋದರೆ ಹೋಯಿತು. ನಿಜವಾಗಿ ಕಟಕಟೆಯಲ್ಲಿ ನಿಂತವಳಿಗಾದರೆ ಮೂರು ತಿಂಗಳು ಅಂದರೆ ಮಕ್ಕಳ ಪರೀಕ್ಷೆ, ಮನೆ ಬಾಡಿಗೆ, ಇದ್ದೊಂದು ಕೆಲಸ.

ಆತ ಪಕ್ಕಕ್ಕೆ ತಿರುಗಿ ಉಗಿದ. "ಹನ್ನೆರಡು."

ನಾನು ಮೂವತ್ತೈದು ಅಂದೆನೆ? ಮೂವತ್ತು? "ಹದಿಮೂರು ಮಾಡ್ಕೊಳಪ್ಪ" ಅಂದೆ, ಸಾಲ ಕೇಳುವವನ ದನಿಯಲ್ಲಿ. ಆತ ತಲೆಯಾಡಿಸಿದ. ಗೆದ್ದೆ! ಒಂದು ರೂಪಾಯಿ ಏರಿಸಿದ ಹೆಮ್ಮೆಯಲ್ಲಿ ಎದುರು ಮಹಡಿಯತ್ತ ನೋಡಿ ಮುಗುಳ್ನಕ್ಕೆ. ಅಷ್ಟರಲ್ಲಿ ತೂಕ ಮುಗಿದಿತ್ತು.

"ರೀ, ಅಷ್ಟು ದೊಡ್ಡ ಕಟ್ಟು ಆರೇ ಕೆಜೀನಾ?" ಅಂದಳು ನನ್ನವಳು. ಪಕ್ಕದ ಮನೆಯವರು ಹದಿನೈದಕ್ಕೆ ಕೊಟ್ಟರಂತೆ, ಅದೂ ತಮ್ಮದೇ ತಕ್ಕಡಿಯಲ್ಲಿ ತೂಗಿ. ಆ ಮನೆಯಲ್ಲಿ ಪುಸ್ತಕ ಅಂತ ಇರುವುದು ಪಂಚಾಂಗ ಒಂದೇ. ಏನೂ ಓದದವರಿಗೆ ಇಷ್ಟೊಂದು ಬುದ್ಧಿ ಇರಬಾರದು.