ಪೇಟ, ಹಾರ, ಬಾಡು: ಸಮ್ಮೇಳನಶಾಸ್ತ್ರಕ್ಕೊಂದು ಕಿರುಭಾಷ್ಯ

ಸಮ್ಮೇಳನ ನಡೆಯುವ ಊರಿನ ಸಂಸ್ಕೃತಿಯನ್ನು ಸಮ್ಮೇಳನದೊಳಗೆ ತರುವುದು ಹೇಗೆ? ಕರ್ನಾಟಕದ ಸಂಘಟಕರು ಇದಕ್ಕೆ ಎಂದೋ ಉತ್ತರ ಕಂಡುಕೊಂಡಿದ್ದಾರೆ. ಯಾರೂ ಅದನ್ನು ಸೂತ್ರರೂಪದಲ್ಲಿ ಬರೆದಿಡಲಿಲ್ಲ, ಅಷ್ಟೆ. ಆ ಕೊರತೆ ತುಂಬುವುದೇ ಈ ಭಾಷ್ಯದ ಉದ್ದೇಶ. ಮೂಲಸೂತ್ರ ಇಷ್ಟೇ: ತಲೆ, ಕುತ್ತಿಗೆ, ಹೆಗಲು ಏರುವುದು ಸಂಸ್ಕೃತಿ, ಗಂಟಲಿನಿಂದ ಕೆಳಗಿಳಿಯುವುದು ವಿವಾದ.

ತಲೆಯಿಂದಲೇ ಆರಂಭಿಸೋಣ. ಮೈಸೂರು ಪೇಟವನ್ನು ಹಿಂದೆ ತಲೆಗೆ ಸುತ್ತಿ ಕಟ್ಟುತ್ತಿದ್ದರು. ಈಗಿನದು ಸುತ್ತಿ, ಹೊಲಿದು, ಪ್ಲಾಸ್ಟಿಕ್ ಕವರಿನಲ್ಲಿ ಸಿದ್ಧವಾಗಿ ಬರುತ್ತದೆ. ವಿಜ್ಞಾನಿಯ ತಲೆ ದೊಡ್ಡದಾದರೆ ನೆತ್ತಿಯ ಮೇಲೆ ಕೂತು ಅಲ್ಲಾಡುತ್ತದೆ; ರಾಯಭಾರಿಯ ತಲೆ ಚಿಕ್ಕದಾದರೆ ಹುಬ್ಬಿನವರೆಗೂ ಇಳಿಯುತ್ತದೆ. ತೆಗೆಯಬಹುದೋ ಬಾರದೋ ತಿಳಿಯದೆ ರಾಯಭಾರಿಗಳು ಪಕ್ಕದವರನ್ನು ಓರೆಗಣ್ಣಿನಿಂದ ನೋಡುತ್ತಾರೆ. ಫೋಟೊ ಮುಗಿದದ್ದೇ ತಡ, ಪೇಟ ನೀರಿನ ಬಾಟಲಿಯ ಪಕ್ಕಕ್ಕೆ ಹೋಗಿ ಕೂರುತ್ತದೆ.

ಬೆನ್ನ ಹಿಂದಿನ ಫ್ಲೆಕ್ಸಿನಲ್ಲಿ ಮೈಸೂರು ಅರಮನೆ ಇರಲೇಬೇಕು. ಇಲ್ಲಿ ಪೂರ್ವಪಕ್ಷದವರ ಆಕ್ಷೇಪವೊಂದಿದೆ: 1897ರಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋದ ಮೇಲೆ ಹೆನ್ರಿ ಇರ್ವಿನ್ ಎಂಬ ಬ್ರಿಟಿಷ್ ವಾಸ್ತುಶಿಲ್ಪಿಯ ನಕ್ಷೆಯಂತೆ 1912ರಲ್ಲಿ ಎದ್ದುನಿಂತ ಕಟ್ಟಡವದು; ಸ್ಥಳೀಯ ಹೇಗಾದೀತು? ಸಿದ್ಧಾಂತಿಗಳ ಸಮಾಧಾನ: ದಸರೆಯ ದೀಪ ಹತ್ತಿದ ಮೇಲೆ ನಕ್ಷೆ ಯಾರದೆಂದು ಕೇಳುವವರಿಲ್ಲ.

ಕುತ್ತಿಗೆಯ ಅಧ್ಯಾಯಕ್ಕೆ ಹಾವೇರಿಯೇ ಪ್ರಮಾಣ. 2023ರ ಜನವರಿಯಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದ ಈ ಊರು ಏಲಕ್ಕಿ ಹಾರಕ್ಕೆ ಹೆಸರುವಾಸಿ. ಏಲಕ್ಕಿ ಬೆಳೆಯುವುದು ಮಲೆನಾಡಿನಲ್ಲಿ, ಹಾರವಾಗುವುದು ಬಯಲಲ್ಲಿ. ಹೂವಿನ ಹಾರದಂತೆ ಸಂಜೆಗೆ ಬಾಡದೆ, ಗಣ್ಯರ ಮನೆಯ ಷೋಕೇಸಿನಲ್ಲಿ ವರ್ಷಗಟ್ಟಲೆ ಘಮಘಮಿಸುತ್ತದೆ. ಬಿಚ್ಚಿ ಪಾಯಸಕ್ಕೆ ಹಾಕಿದವರೂ ಇರಬಹುದು. ಶಾಸ್ತ್ರ ಆ ಬಗ್ಗೆ ಮೌನವಾಗಿದೆ.

ಇನ್ನು ಹೆಗಲಿನ ಅಧ್ಯಾಯ; ಅದಕ್ಕೆ ಹಂಪಿಯೇ ಪ್ರಮಾಣ. 2023ರ ಜುಲೈನಲ್ಲಿ ಜಿ20 ಸಭೆಗಳು ಅಲ್ಲಿ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳು ಕಸೂತಿ ಹಾಕಿದ 1755 ತುಣುಕುಗಳನ್ನು ಪ್ರದರ್ಶನಕ್ಕಿಟ್ಟಿದ್ದರು. ಕನ್ನಡಿ, ಕವಡೆ ಕೂರಿಸಿ ಹಾಕುವ ಈ ಹೊಲಿಗೆಯಲ್ಲಿ ಕೈತಪ್ಪಿದ ಒಂದು ಎಳೆಯೂ ಎದ್ದು ಕಾಣುತ್ತದೆ. ಫ್ಲೆಕ್ಸಿನ ಕಲ್ಲಿನ ರಥಕ್ಕಿಂತ ನೂರು ಪಾಲು ನಿಜವಾದ ವಸ್ತುವಿದು. ಭಾಷ್ಯಕಾರನೂ ಇಲ್ಲಿ ಅಣಕ ಮರೆತು ತಲೆದೂಗಬೇಕು. ಆದರೆ ಸುದ್ದಿಯಾದದ್ದು ಎಳೆಯಲ್ಲ, ಎಣಿಕೆ: ಗಿನ್ನೆಸ್ ದಾಖಲೆ. ಅಂದರೆ ಉಪಸೂತ್ರವೊಂದನ್ನು ಸೇರಿಸಬೇಕು: ಎಣಿಸಲು ಬಂದರೆ ಸಂಸ್ಕೃತಿಗೆ ಬಲ ಹೆಚ್ಚು.

ಮೂಲಸೂತ್ರದ ನಿಜವಾದ ಪರೀಕ್ಷೆ ನಡೆದದ್ದು ಮಂಡ್ಯದಲ್ಲಿ, 2024ರ ಡಿಸೆಂಬರಿನ 87ನೆಯ ಸಮ್ಮೇಳನದಲ್ಲಿ. ಮಂಡ್ಯವೆಂದರೆ ಕಬ್ಬು, ಬೆಲ್ಲ ಎನ್ನುವವರು ಅರ್ಧ ಮಂಡ್ಯವನ್ನಷ್ಟೇ ಬಲ್ಲವರು. ಉಳಿದರ್ಧ ಮುದ್ದೆ, ನಾಟಿಕೋಳಿ ಸಾರು ಮತ್ತು ಮಳವಳ್ಳಿ ತಾಲ್ಲೂಕಿನ ಹಳ್ಳಿಯೊಂದರ ಹೆಸರನ್ನೇ ಹೊತ್ತ ಬಂಡೂರು ಕುರಿ. ಸಂಘಟಕರು ಮದ್ಯ, ತಂಬಾಕಿನ ಜತೆ ಮಾಂಸಾಹಾರವನ್ನೂ ನಿಷೇಧದ ಪಟ್ಟಿಗೆ ಸೇರಿಸಿದರು. ನಾಟಿಕೋಳಿಗೆ ಬೀಡಿಯ ಪಕ್ಕ ಜಾಗ ಸಿಕ್ಕಿತು! ಊರವರು ಸುಮ್ಮನಿರಲಿಲ್ಲ. ಬಾಡೂಟ ಬೇಕೆಂದು ಬೀದಿಗಿಳಿದರು. ಸಾಹಿತ್ಯದ ಗೋಷ್ಠಿಗಳಿಗಿಂತ ಸಾರಿನ ಚರ್ಚೆಯೇ ಜೋರಾಯಿತು. ಕೊನೆಯ ದಿನ ಊಟದ ಜತೆ ಮೊಟ್ಟೆ ಹಂಚಿದರು. ಬಾಡೆಂದರೆ ಬಾಡಲ್ಲ, ಸಸ್ಯಾಹಾರವೆಂದರೆ ಅದೂ ಅಲ್ಲ. ಇಂಥ ರಾಜಿಸೂತ್ರ ಹೊಳೆಯುವುದಕ್ಕೆ ನಿಜಕ್ಕೂ ಪಾಂಡಿತ್ಯ ಬೇಕು.

ಮುಂದಿನ ಸಮ್ಮೇಳನ ಬಳ್ಳಾರಿಗೆ ಎಂದು ಮಂಡ್ಯದಲ್ಲೇ ಘೋಷಣೆಯಾಯಿತು. ಆ ಊರಿನ ಬೆಳಗಿನ ತಿಂಡಿಯಾದ ಒಗ್ಗರಣೆ-ಮಿರ್ಚಿ ಸಸ್ಯಾಹಾರವೇ ಆದ್ದರಿಂದ ಗಂಟಲಿನ ಅಧ್ಯಾಯಕ್ಕೆ ಸದ್ಯ ಬಾಧಕವಿಲ್ಲ. ಮಧ್ಯಾಹ್ನದ ಊಟದ ವಿಚಾರ ಪ್ರತ್ಯೇಕ. ಹೆಗಲಿನ ಅಧ್ಯಾಯಕ್ಕಂತೂ ಚಿಂತೆಯೇ ಇಲ್ಲ: ಸಂಡೂರು ಅದೇ ಜಿಲ್ಲೆಯಲ್ಲಿದೆ. ಅಲ್ಲಿಗೊಂದು ಫೋನು ಹೋಗುತ್ತದೋ, ಫ್ಲೆಕ್ಸ್ ಅಂಗಡಿಗೆ ಹೋಗುತ್ತದೋ ಎಂಬುದನ್ನು ಸ್ವಾಗತ ಸಮಿತಿ ನಿರ್ಧರಿಸಬೇಕು.